ಮೂರು ಗಂಟೆಯ ಮೇಲೆ ಒಂದು ನಿಮಿಷ

ಶಿಷ್ಯೆ: ಬನ್ನಿ ಸಾರ್, ಕೂತ್ಕೊಳ್ಳಿ. ಪಹಣಿ ತೆಗೀಬೇಕಿತ್ತಾ?

ಮೇಷ್ಟ್ರು: ಪಹಣಿ ಅಲ್ಲ ಕಣಮ್ಮ, ರೈಲಿನ ವಿಷಯ. ನಮ್ಮ ಎದುರು ಮನೆಯವರು ಅಪ್ಪ ಅಮ್ಮನ್ನ ಕರ್ಕೊಂಡು ಕಾಶಿಗೆ ಹೋಗಿ ಬಂದರಲ್ಲ, ಹೋಗುವಾಗ ರೈಲು ಬೆಂಗಳೂರು ಬಿಟ್ಟಿದ್ದೇ ನಾಲ್ಕು ಗಂಟೆ ತಡವಾಗಿ. ಆ ಮುದುಕರು ಪ್ಲಾಟ್‌ಫಾರಂ ಮೇಲೆ ಟವೆಲ್ ಹಾಸ್ಕೊಂಡು ಮಲಗಿದ್ದರಂತೆ. ಟಿಕೆಟ್ ಮಾಡಿಸಿದ್ದು ನಿನ್ನ ಹತ್ತಿರ. ದುಡ್ಡು ಏನಾದ್ರೂ ವಾಪಸ್ ಬರುತ್ತಾ ಅಂತ ಕೇಳೋಕೆ ಅವರಿಗೆ ಸಂಕೋಚ. ಅದಕ್ಕೆ ನಾನು ಬಂದೆ.

ಶಿಷ್ಯೆ: ಅವರು ಅದೇ ರೈಲಲ್ಲಿ ಹೋದರು ತಾನೇ ಸಾರ್?

ಮೇಷ್ಟ್ರು: ಹೋಗದೆ ಇನ್ನೇನು? ತೆರಕಣಾಂಬಿಯಿಂದ ಬಸ್ಸು ಹಿಡಿದು ಚಾಮರಾಜನಗರ, ಅಲ್ಲಿಂದ ಬೆಂಗಳೂರು. ಅಷ್ಟು ದೂರ ಹೋದವರು ವಾಪಸ್ ಬರ್ತಾರಾ?

ಶಿಷ್ಯೆ: ಹಾಗಾದ್ರೆ ಒಂದು ರೂಪಾಯಿನೂ ಬರಲ್ಲ ಸಾರ್. ನಿಯಮ ಇರೋದೇ ಹಾಗೆ. ರೈಲು ನಾವು ಹತ್ತೋ ನಿಲ್ದಾಣದಲ್ಲಿ ಮೂರು ಗಂಟೆಗಿಂತ ಹೆಚ್ಚು ತಡ ಆಗಿರಬೇಕು, ನಾವು ಅದನ್ನ ಹತ್ತಬಾರದು. ಆಗ ಮಾತ್ರ ಪೂರ್ತಿ ದರ ವಾಪಸ್, ರದ್ದತಿ ಶುಲ್ಕ ಹಿಡಿಯಲ್ಲ. 2015ರ ನವೆಂಬರ್ 12ರಿಂದ ಜಾರಿಯಲ್ಲಿರೋ ಮರುಪಾವತಿ ನಿಯಮದಲ್ಲಿ ಇರೋದು ಇದು. ಹತ್ತಿದರೆ ನಾಲ್ಕು ಗಂಟೆ ಆಗಲಿ, ಹದಿನಾಲ್ಕು ಗಂಟೆ ಆಗಲಿ, ಅದರಲ್ಲಿ ಏನೂ ಇಲ್ಲ.

ಮೇಷ್ಟ್ರು: ಅಂದ್ರೆ ಕಷ್ಟಪಟ್ಟವನಿಗೆ ಇಲ್ಲ, ಮನೆಗೆ ಹೋದವನಿಗೆ ಉಂಟು?

ಶಿಷ್ಯೆ: ಮನೆಗೆ ಹೋದವನಿಗೂ ಸುಮ್ಮನೆ ಬರಲ್ಲ. ರೈಲು ನಿಜವಾಗಿ ಹೊರಡೋ ಮೊದಲು ಟಿಡಿಆರ್, ಅಂದ್ರೆ ದುಡ್ಡು ವಾಪಸ್ ಕೇಳೋ ಅರ್ಜಿ, ಹಾಕಬೇಕು. ಆನ್‌ಲೈನ್ ಟಿಕೆಟ್ ಆದರೆ ಆನ್‌ಲೈನಲ್ಲೇ. ಸ್ಟೇಷನ್ ಕೌಂಟರಲ್ಲಿ ತಗೊಂಡಿದ್ದಾದರೆ ರೈಲು ಬಿಡೋದರೊಳಗೆ ಟಿಕೆಟ್ಟನ್ನ ಕೌಂಟರಿಗೇ ಒಪ್ಪಿಸಬೇಕು. ರೈಲು ಹೊರಟ ಮೇಲೆ ಹೋಗಿ ಕೇಳಿದರೆ, ಅದು ಎಷ್ಟು ತಡ ಆಗಿದ್ದರೂ ಆ ಕಾರಣಕ್ಕೆ ಅರ್ಜಿ ನಿಲ್ಲಲ್ಲ.

ಮೇಷ್ಟ್ರು: ಟಿಡಿಆರ್ ಹಾಕೋದು ಹೇಗೆ, ತೋರಿಸು ನೋಡೋಣ.

ಶಿಷ್ಯೆ: ಇಲ್ಲಿ ಬನ್ನಿ. ಇದು ನಮ್ಮ ಏಜೆನ್ಸಿ ಐಡಿಯ ಪುಟ. ಹಿಂದೆ ಮಾಡಿಸಿದ ಟಿಕೆಟ್‌ಗಳೆಲ್ಲ ಸಾಲಾಗಿ ಇವೆ. ಪಿಎನ್‌ಆರ್ ಆರಿಸಿದರೆ ಕಾರಣಗಳ ಪಟ್ಟಿ ತೆರ್ಕೊಳ್ಳುತ್ತೆ. ಏಸಿ ಕೆಟ್ಟಿತ್ತು, ಬೇರೆ ದಾರಿಯಲ್ಲಿ ರೈಲು ಹೋಯಿತು, ಹೀಗೆ. ಅದರಲ್ಲಿ ‘ರೈಲು ಮೂರು ಗಂಟೆಗಿಂತ ಹೆಚ್ಚು ತಡ, ಪ್ರಯಾಣಿಕರು ಪ್ರಯಾಣ ಮಾಡಿಲ್ಲ’ ಅನ್ನೋದನ್ನ ಒತ್ತಬೇಕು. ಆಮೇಲೆ ಯಾರ್ಯಾರು ಹೋಗಿಲ್ಲವೋ ಅವರ ಹೆಸರಿನ ಮುಂದೆ ಗುರುತು. ಎರಡು ನಿಮಿಷದ ಕೆಲಸ. ಆದರೆ ಆ ಎರಡು ನಿಮಿಷ ಯಾವಾಗ ಬರುತ್ತೆ ಅನ್ನೋದೇ ಕಷ್ಟ. ಜನ ನಿಂತಿರೋದು ಬೆಂಗಳೂರಿನ ಪ್ಲಾಟ್‌ಫಾರಂ ಮೇಲೆ, ಪಾಸ್‌ವರ್ಡ್ ಇರೋದು ತೆರಕಣಾಂಬಿಯ ನನ್ನ ಹತ್ತಿರ, ಹೊತ್ತು ರಾತ್ರಿ ಹನ್ನೊಂದು. ಅಂಗಡಿ ಮುಚ್ಚಿರುತ್ತೆ ಅಂದ್ಕೊಂಡು ಫೋನೇ ಮಾಡಲ್ಲ.

ಮೇಷ್ಟ್ರು: ಮಾಡಿದ್ದರೆ ನೀನು ಎದ್ದು ಹಾಕ್ತಿದ್ದೆಯಾ?

ಶಿಷ್ಯೆ: ಖಂಡಿತ ಹಾಕ್ತಿದ್ದೆ ಸಾರ್. ಫೋನಲ್ಲೇ ಆಗುತ್ತೆ. ಆದರೆ ಎದುರು ಮನೆಯವರು ಹಾಕಿಸ್ತಿದ್ದರಾ ಹೇಳಿ. ಹಾಕಿದರೆ ಕಾಶಿ ಬಿಡಬೇಕು. ಅಲ್ಲಿ ರೂಮು ಮಾಡಿ ಆಗಿದೆ, ವಾಪಸ್ ಬರೋ ಟಿಕೆಟ್ ಆಗಿದೆ, ಶ್ರಾದ್ಧದ ದಿನ ಗೊತ್ತಾಗಿದೆ. ಮರುದಿನದ ರೈಲಿಗೆ ಸೀಟು ಸಿಗಲ್ಲ. ಈ ಹಕ್ಕನ್ನ ಬಳಸೋಕೆ ಆಗೋದು ಬೇರೆ ದಾರಿ ಇರೋನಿಗೆ ಮಾತ್ರ. ಬೆಂಗಳೂರಿಂದ ಮೈಸೂರಿಗೆ ಬರೋನು ರೈಲು ಬಿಟ್ಟು ಬಸ್ಸು ಹತ್ತಬಹುದು.

ಮೇಷ್ಟ್ರು: ಇನ್ನೊಂದು ಸಂದೇಹ. ರೈಲು ಹೊರಡೋ ಮೊದಲೇ ಹಾಕಬೇಕು ಅಂತೀಯ. ಹೊರಡೋ ಮೊದಲು ಅದು ಎಷ್ಟು ತಡ ಅಂತ ಖಚಿತವಾಗಿ ಹೇಳೋರು ಯಾರು?

ಶಿಷ್ಯೆ: ಸರಿಯಾಗಿ ಹಿಡಿದ್ರಿ. ಫೋನಲ್ಲಿ ತೋರಿಸೋದು ಅಂದಾಜು. ಮೂರು ಗಂಟೆ ಹತ್ತು ನಿಮಿಷ ತಡ ಅಂತ ತೋರಿಸ್ತಾ ಇರುತ್ತೆ, ನಾವು ಟಿಡಿಆರ್ ಹಾಕಿ ಬಸ್ ಸ್ಟ್ಯಾಂಡಿಗೆ ಹೊರಡ್ತೀವಿ. ಅಷ್ಟರಲ್ಲಿ ರೈಲು ಓಡಿಸ್ಕೊಂಡು ಬಂದು ಎರಡು ಗಂಟೆ ಐವತ್ತೈದು ನಿಮಿಷಕ್ಕೆ ಹೊರಟುಬಿಟ್ಟರೆ ಅರ್ಜಿ ಬಿದ್ದುಹೋಗುತ್ತೆ. ಲೆಕ್ಕಕ್ಕೆ ಬರೋದು ನಿಜವಾಗಿ ಆದ ತಡ. ಮೂರು ಗಂಟೆಯ ಮೇಲೆ ಒಂದು ನಿಮಿಷ ಆದರೂ ಆಗಿರಬೇಕು. ಆಗ ಪೂರ್ತಿ ದುಡ್ಡು. ಇಲ್ಲದಿದ್ದರೆ ಸೀಟೂ ಇಲ್ಲ, ದುಡ್ಡೂ ಇಲ್ಲ.

ಮೇಷ್ಟ್ರು: ಅಂದ್ರೆ ಹಣ ಸಿಗುತ್ತೋ ಇಲ್ವೋ ಗೊತ್ತಾಗೋ ಮೊದಲೇ ಸೀಟು ಬಿಟ್ಟುಕೊಡಬೇಕು. ಇದು ನ್ಯಾಯ ಅಲ್ಲ. ರೈಲು ನಡೆಸೋರಿಗೆ ಅದು ಎಲ್ಲಿದೆ, ಎಷ್ಟು ಹೊತ್ತಿಗೆ ಬರುತ್ತೆ ಅಂತ ನಮಗಿಂತ ಚೆನ್ನಾಗಿ ಗೊತ್ತು. ಆ ಗೊಂದಲದ ಹೊರೆ ಅವರು ಹೊರಬೇಕಲ್ಲವಾ? ಅವರೇ ಪ್ರಕಟಿಸಿದ ಅಂದಾಜನ್ನ ನಂಬಿ ಒಬ್ಬ ಟಿಕೆಟ್ ಬಿಟ್ಟರೆ ಆ ಅಂದಾಜಿಗೇ ಅವರು ಬದ್ಧರಾಗಿರಬೇಕು.

ಶಿಷ್ಯೆ: ಇನ್ನೊಂದು ಸಣ್ಣ ಗಂಟು ಇದೆ ಕೇಳಿ. ತತ್ಕಾಲ್ ಟಿಕೆಟಿಗೆ ಸಾಮಾನ್ಯವಾಗಿ ವಾಪಸ್ ದುಡ್ಡಿಲ್ಲ ಅಂತ ಎಲ್ಲರಿಗೂ ಗೊತ್ತು. ಆದರೆ ಮೂರು ಗಂಟೆ ಮೀರಿ ತಡವಾದರೆ ಅದಕ್ಕೂ ಪೂರ್ತಿ ಬರುತ್ತೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಅದರಲ್ಲಿ ಒಂದು ಷರತ್ತು. ಟಿಕೆಟ್ ಯಾವ ಊರಿಂದ ಅಂತ ಮಾಡಿಸಿದ್ದೀವೋ ಅಲ್ಲಿ ತಡ ಆಗಿರಬೇಕು, ಹತ್ತೋ ಜಾಗದಲ್ಲಲ್ಲ. ಮೈಸೂರಿಂದ ಅಂತ ತತ್ಕಾಲ್ ತಗೊಂಡು ಹತ್ತೋ ನಿಲ್ದಾಣ ಬೆಂಗಳೂರು ಅಂತ ಬದಲಾಯಿಸಿದವನು ಬೆಂಗಳೂರಲ್ಲಿ ನಾಲ್ಕು ಗಂಟೆ ಕಾದರೂ, ಮೈಸೂರಿಂದ ರೈಲು ಸರಿಯಾಗಿ ಹೊರಟಿದ್ದರೆ ಅವನಿಗೆ ಏನೂ ಬರಲ್ಲ.

ಮೇಷ್ಟ್ರು: ಇಂಥ ಷರತ್ತನ್ನ ಟಿಕೆಟ್ ಕೊಳ್ಳುವಾಗ ಯಾರು ಓದ್ತಾರಮ್ಮ? ಸರಿ, ಎಲ್ಲ ಸರಿಯಾಗಿ ಹಾಕಿದ್ದೀವಿ ಅಂತಿಟ್ಕೋ. ದುಡ್ಡು ಯಾರಿಗೆ ಬರುತ್ತೆ?

ಶಿಷ್ಯೆ: ಯಾವ ಖಾತೆಯಿಂದ ಹೋಗಿತ್ತೋ ಅದಕ್ಕೇ. ನಾನು ಮಾಡಿಸಿದ್ದರೆ ನಮ್ಮ ಏಜೆನ್ಸಿ ಖಾತೆಗೆ. ನಾನು ಅದನ್ನ ಜನಕ್ಕೆ ಕೊಡಬೇಕು. ರೈಲ್ವೆ ವಲಯದವರು ರೈಲು ಓಡಿದ ದಾಖಲೆ ನೋಡಿ ತೀರ್ಮಾನ ಮಾಡಬೇಕಾದ್ದರಿಂದ ಒಂದೆರಡು ತಿಂಗಳು ಹಿಡಿಯುತ್ತೆ, ಕೆಲವು ಸಲ ಇನ್ನೂ ಹೆಚ್ಚು. ಅಷ್ಟರಲ್ಲಿ ಜನ ಮರೆತಿರ್ತಾರೆ. ನಾನು ಬರೆದಿಟ್ಟು ಕರೆದು ಕೊಡ್ತೀನಿ, ಎಲ್ಲರೂ ಹಾಗೆ ಮಾಡ್ತಾರೆ ಅಂತ ಹೇಳೋಕೆ ಬರಲ್ಲ. ಏಜೆಂಟರ ಕೈಯಲ್ಲಿ ರದ್ದು ಮಾಡಿಸಿದ ಟಿಕೆಟ್ಟಿಗೆ 2019ರ ಅಕ್ಟೋಬರಿಂದ ಒಟಿಪಿ ಪದ್ಧತಿ ಬಂದಿದೆ. ಎಷ್ಟು ವಾಪಸ್ ಬರುತ್ತೆ ಅಂತ ಪ್ರಯಾಣಿಕನ ಮೊಬೈಲಿಗೇ ಸಂದೇಶ ಹೋಗುತ್ತೆ. ಅದು ಕೆಲಸ ಮಾಡಬೇಕಾದರೆ ಟಿಕೆಟ್ ಮೇಲೆ ಪ್ರಯಾಣಿಕನದೇ ನಂಬರ್ ಇರಬೇಕು. ಎಷ್ಟೋ ಕಡೆ ಅಂಗಡಿಯವರು ತಮ್ಮದೇ ನಂಬರ್ ಹಾಕ್ಕೊಂಡಿರ್ತಾರೆ.

ಮೇಷ್ಟ್ರು: ಅದನ್ನ ನೋಡ್ಕೊಳ್ಳೋದು ಹೇಗೆ?

ಶಿಷ್ಯೆ: ಟಿಕೆಟ್ ಮಾಡಿಸುವಾಗ ಕೇಳಬೇಕು, ‘ನನ್ನ ನಂಬರ್ ಹಾಕಿದ್ದೀರಾ’ ಅಂತ. ಸಂದೇಶ ನಿಮ್ಮ ಫೋನಿಗೇ ಬಂದರೆ ಸರಿ. ಮತ್ತೆ, ತಮ್ಮ ಸ್ವಂತ ಐಡಿಯಲ್ಲಿ ಊರವರಿಗೆಲ್ಲ ಟಿಕೆಟ್ ಮಾಡಿ ಮಾರೋರು ಇರ್ತಾರೆ, ಅದು ರೈಲ್ವೆ ಕಾಯ್ದೆಯಲ್ಲಿ ಅಪರಾಧ. ಅಂಥ ಟಿಕೆಟ್ಟಿಗೆ ದುಡ್ಡು ಬಂದರೆ ಅವರ ಸ್ವಂತ ಖಾತೆಗೆ. ಕೇಳೋಕೆ ರಸೀದಿನೂ ಇರಲ್ಲ.

ಮೇಷ್ಟ್ರು: ನಮ್ಮ ಕಡೆ ಇದು ಮುಖ್ಯವಾದ ಮಾತು ಕಣಮ್ಮ. ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಒಂದೇ ಒಂದು ರೈಲು ನಿಲ್ದಾಣ ಇಲ್ಲ. ನಂಜನಗೂಡಿಂದ ಕೇರಳದ ನಿಲಂಬೂರಿಗೆ ಹಳಿ ಹಾಕೋ ಮಾತು ನಾನು ಕೆಲಸಕ್ಕೆ ಸೇರಿದ ಕಾಲದಿಂದ ಕೇಳ್ತಾ ಇದ್ದೀನಿ, ದಾರೀಲಿ ಕಾಡು ಇದೆ, ಅದು ಹಾಗೇ ನಿಂತಿದೆ. ಹತ್ತಿರದ ಸ್ಟೇಷನ್ ಅಂದ್ರೆ ಚಾಮರಾಜನಗರ, ಅಲ್ಲಿಗೆ ಹಳಿ ಮುಗಿಯುತ್ತೆ. ಕೌಂಟರಿಗೆ ಹೋಗಿ ಬರೋದು ಅಂದ್ರೆ ಅರ್ಧ ದಿನದ ಕೂಲಿ ಹೋದ ಹಾಗೆ. ಅದಕ್ಕೇ ಎಲ್ಲರೂ ನಿನ್ನಂಥವರ ಹತ್ತಿರ ಬರ್ತಾರೆ. ನಿಯಮ ಬರೆದೋರು ಮಾತ್ರ ಪ್ರಯಾಣಿಕನ ಕೈಯಲ್ಲೇ ಪಾಸ್‌ವರ್ಡ್ ಇದೆ, ಅವನು ಸ್ಟೇಷನ್ ಪಕ್ಕದಲ್ಲೇ ಇದ್ದಾನೆ ಅಂತ ಅಂದ್ಕೊಂಡು ಬರೆದಿದ್ದಾರೆ.

ಶಿಷ್ಯೆ: ನೀವು ಮಗಳ ಹತ್ತಿರ ಇಂಗ್ಲೆಂಡಿಗೆ ಹೋಗಿದ್ರಲ್ಲ ಸಾರ್, ಅಲ್ಲಿ ಹೇಗೆ? ತಡವಾದರೆ ಕೂಪನ್ ಕೊಡ್ತಾರೆ ಅಂತ ಅಂದಿದ್ರಿ.

ಮೇಷ್ಟ್ರು: ವೋಚರ್ ಅಂತ. ನಾನು ಹೋಗಿದ್ದು 2015ರಲ್ಲಿ. ಆಗ ಇನ್ನೂ ಕಾಗದದ ವೋಚರೇ ಹೆಚ್ಚು. ಅಲ್ಲಿ ರೈಲು ಓಡಿಸೋದು ಬೇರೆ ಬೇರೆ ಕಂಪನಿಗಳು. ಬಹಳಷ್ಟು ಕಂಪನಿಗಳಲ್ಲಿ ಪದ್ಧತಿ ಹೀಗೆ: ಅರ್ಧ ಗಂಟೆ ತಡವಾಗಿ ಊರು ಸೇರಿದರೆ ಒಂದು ಕಡೆಯ ದರದಲ್ಲಿ ಅರ್ಧ, ಒಂದು ಗಂಟೆ ಆದರೆ ಆ ಕಡೆಯದು ಪೂರ್ತಿ, ಎರಡು ಗಂಟೆ ಮೀರಿದರೆ ಹೋಗಿಬರೋ ಎರಡೂ ಕಡೆಯ ದರ. ಈಗೀಗ ಕೆಲವು ಕಂಪನಿಗಳು ಹದಿನೈದು ನಿಮಿಷಕ್ಕೇ ಕಾಲು ಭಾಗ ಕೊಡ್ತವೆ. ಅರ್ಜಿ ಹಾಕೋಕೆ 28 ದಿನ ಟೈಮು. ಮುಖ್ಯ ಏನಪ್ಪಾ ಅಂದ್ರೆ, ನೀನು ಪ್ರಯಾಣ ಮಾಡಿರಬೇಕು. ತಡವಾಗಿ ತಲುಪಿದ್ದಕ್ಕೆ ಕೊಡೋ ದುಡ್ಡು ಅದು.

ಶಿಷ್ಯೆ: ನಮ್ಮದಕ್ಕೆ ಪೂರ್ತಿ ಉಲ್ಟಾ.

ಮೇಷ್ಟ್ರು: ಹೌದು. ಅಲ್ಲೂ ತೊಡಕು ಇಲ್ಲ ಅಂದ್ಕೋಬೇಡ. ಮಗಳು ದಿನಾ ಕೆಲಸಕ್ಕೆ ಹೋಗೋ ರೈಲು ವಾರದಲ್ಲಿ ಒಂದೆರಡು ಸಲ ತಡ ಆಗೋದು. ಕಂಪನಿ ಅಂಚೆಯಲ್ಲಿ ವೋಚರ್ ಕಳಿಸೋದು. ಮೇಜಿನ ಖಾನೆಯಲ್ಲಿ ಒಂದು ಕಟ್ಟೇ ಇತ್ತು. ಒಂದು ಪೌಂಡು ಚಿಲ್ಲರೆ, ಎರಡು ಪೌಂಡು, ನಾಲ್ಕು ಪೌಂಡು. ನೋಡೋಕೆ ಚೆಕ್ಕಿನ ಹಾಗೆ. ಬಳಸೋಕೆ ಹೋದರೆ ಗೊತ್ತಾಗೋದು. ಆನ್‌ಲೈನಲ್ಲಿ ತಗೊಳ್ಳಲ್ಲ. ಸ್ಟೇಷನ್ನಿನ ಟಿಕೆಟ್ ಯಂತ್ರಕ್ಕೆ ಹಾಕೋಕಾಗಲ್ಲ. ಮನುಷ್ಯ ಕೂತಿರೋ ಕಿಟಕಿಗೇ ಹೋಗಬೇಕು. ಅವಳ ಊರಿನ ಸಣ್ಣ ಸ್ಟೇಷನ್ನಲ್ಲಿ ಆ ಕಿಟಕಿ ಮಧ್ಯಾಹ್ನಕ್ಕೇ ಮುಚ್ಚೋದು, ಅವಳು ಕೆಲಸದಿಂದ ಬರೋದು ಸಂಜೆ. ಮೇಲೆ ಒಂದು ಅವಧಿ ಬೇರೆ, ಅದು ದಾಟಿದರೆ ಬರೀ ಕಾಗದ.

ಶಿಷ್ಯೆ: ಮತ್ತೆ ಏನು ಮಾಡಿದರು?

ಮೇಷ್ಟ್ರು: ಅವಳು ಜಾಣೆ. ಒಂದೊಂದಾಗಿ ಖರ್ಚು ಮಾಡಲಿಲ್ಲ. ಆ ವೋಚರ್‌ನಲ್ಲಿ ಒಂದು ಒಳ್ಳೇ ಗುಣ ಇತ್ತು, ಕೊಟ್ಟ ಕಂಪನಿಯದೇ ರೈಲಿಗೆ ಬಳಸಬೇಕು ಅಂತ ಇಲ್ಲ, ದೇಶದ ಬೇರೆ ಕಂಪನಿಯ ರೈಲಿಗೂ ನಡೆಯುತ್ತೆ. ಹಲವಾರು ವೋಚರ್ ಸೇರಿಸಿ ಒಂದೇ ಟಿಕೆಟ್ಟಿಗೂ ಕೊಡಬಹುದು. ಅವಧಿ ಮುಗಿಯೋ ದಿನದ ಪ್ರಕಾರ ಜೋಡಿಸಿ ಇಟ್ಟಿದ್ದಳು, ಮೊದಲು ಮುಗಿಯೋದು ಮೇಲೆ. ನಾವು ಹೋದಾಗ ಒಂದು ಶನಿವಾರ ಬೆಳಿಗ್ಗೆ ದೊಡ್ಡ ಸ್ಟೇಷನ್ನಿಗೆ ಹೋಗಿ, ಕಟ್ಟು ಬಿಚ್ಚಿ ಕಿಟಕಿಯಲ್ಲಿ ಎಣಿಸಿ ಕೊಟ್ಟು, ನಮಗೆ ಎಡಿನ್‌ಬರೋಗೆ ಟಿಕೆಟ್ ತೆಗೆದಳು. ಕಿಟಕಿಯ ಹೆಂಗಸು ಒಂದೊಂದನ್ನೂ ನೋಡಿ ಮುದ್ರೆ ಒತ್ತಿದಳು. ಹಿಂದೆ ಸಾಲು ಬೆಳೀತಾ ಇತ್ತು, ಯಾರೂ ಗೊಣಗಲಿಲ್ಲ. ಆದರೆ ಅವುಗಳಲ್ಲಿ ಎರಡು ಅವಧಿ ಮೀರಿತ್ತು. ಅವು ಹೋದವು.

ಶಿಷ್ಯೆ: ಎರಡೇ ಹೋದದ್ದು ಪುಣ್ಯ. ಅಷ್ಟು ಶಿಸ್ತು ಎಲ್ಲರಿಗೂ ಇರಲ್ಲ.

ಮೇಷ್ಟ್ರು: ಅದೇ ನಾನು ಹೇಳಬೇಕು ಅಂತಿದ್ದುದು. ಕಾಗದದ ಮೇಲೆ ನಾಲ್ಕು ಪೌಂಡು ಅಂತ ಬರೆದಿರಬಹುದು. ಎಲ್ಲಿ ನಡೆಯುತ್ತೆ, ಯಾವಾಗಿನವರೆಗೆ ನಡೆಯುತ್ತೆ, ಯಾರು ಬಳಸಬಹುದು ಅನ್ನೋದು ಅದರ ನಿಜವಾದ ಬೆಲೆ. ನೌಕರಿಗೆ ಹೋಗೋಳಿಗೆ, ಕಿಟಕಿ ಮುಚ್ಚಿದ ಊರಲ್ಲಿ, ಅದು ನಾಲ್ಕಲ್ಲ. ಹತ್ತಿರ ಸ್ಟೇಷನ್ ಇಲ್ಲದೋನಿಗೆ ಸೊನ್ನೆ. ಆದ್ದರಿಂದಲೇ ಅಲ್ಲಿ ಜನ ಕೇಳಿ ಕೇಳಿ ಆ ಪದ್ಧತಿ ಬದಲಾಯಿಸಿದರು. ಅಲ್ಲಿನ 2015ರ ಗ್ರಾಹಕ ಹಕ್ಕು ಕಾಯ್ದೆಯನ್ನ 2016ರ ಅಕ್ಟೋಬರಿಂದ ರೈಲಿಗೂ ಅನ್ವಯಿಸಿದರು. ಈಗ ವೋಚರ್ ಬೇಡ, ದುಡ್ಡೇ ಕೊಡಿ ಅಂತ ಕೇಳಬಹುದು, ಬ್ಯಾಂಕ್ ಖಾತೆಗೇ ಹಾಕ್ತಾರೆ. ಯುರೋಪ್ ಒಕ್ಕೂಟದ ರೈಲು ನಿಯಮ 2009ರ ಡಿಸೆಂಬರಿಂದಲೇ ಇದೆ. ಒಂದು ಗಂಟೆ ತಡಕ್ಕೆ ದರದ ಕಾಲು ಭಾಗ, ಎರಡು ಗಂಟೆಗೆ ಅರ್ಧ. ವೋಚರ್ ಕೊಡಬಹುದು, ಆದರೆ ಅವಧಿ, ಊರು ಇತ್ಯಾದಿಗಳಲ್ಲಿ ಬಿಗಿ ಇರಬಾರದು. ಪ್ರಯಾಣಿಕ ಕೇಳಿದರೆ ಹಣವನ್ನೇ ಕೊಡಬೇಕು. ಕೊನೆಯ ಆ ಒಂದು ಷರತ್ತು ಇಲ್ಲದಿದ್ದರೆ ವೋಚರ್ ಅನ್ನೋದು ಕಂಪನಿ ತನ್ನ ಗಲ್ಲಾಪೆಟ್ಟಿಗೆಯಲ್ಲೇ ಇಟ್ಟುಕೊಂಡ ದುಡ್ಡು.

ಶಿಷ್ಯೆ: ಕಾರಣ ಏನೇ ಇದ್ದರೂ ಕೊಡ್ತಾರಾ? ಮಂಜು, ಮಳೆ?

ಮೇಷ್ಟ್ರು: ಬ್ರಿಟನ್ನಿನ ಈ ಪದ್ಧತಿಯಲ್ಲಿ ಕಾರಣ ಕೇಳಲ್ಲ, ತಡ ಆಯಿತಾ ಇಲ್ವಾ ಅಷ್ಟೇ. ಯುರೋಪ್ ಒಕ್ಕೂಟ ಮಾತ್ರ ನಿಯಮವನ್ನ ತಿದ್ದಿ, 2023ರ ಜೂನ್‌ನಿಂದ, ವಿಪರೀತ ಹವಾಮಾನದಂಥ ಕಾರಣಕ್ಕೆ ವಿನಾಯ್ತಿ ಕೊಟ್ಟಿದೆ. ನನಗೆ ಬ್ರಿಟನ್ನಿಂದೇ ಸರಿ ಅನ್ನಿಸುತ್ತೆ. ಕಾರಣದ ವಾದಕ್ಕೆ ಇಳಿದರೆ ಸಣ್ಣ ಮೊತ್ತದವನು ಸೋತುಹೋಗ್ತಾನೆ.

ಶಿಷ್ಯೆ: ನಮ್ಮಲ್ಲೂ ಒಂದು ಸಲ ಆ ಥರ ಮಾಡಿದ್ದರು ಸಾರ್. ತೇಜಸ್ ರೈಲು ಬಂತಲ್ಲ, ಐಆರ್‌ಸಿಟಿಸಿ ನಡೆಸಿದ್ದು. 2019ರ ಅಕ್ಟೋಬರ್ 4ರಂದು ಲಕ್ನೋ–ದೆಹಲಿ ನಡುವೆ ಶುರು, ಮುಂದಿನ ಜನವರಿಯಲ್ಲಿ ಅಹಮದಾಬಾದ್–ಮುಂಬೈ. ಒಂದು ಗಂಟೆ ಮೀರಿ ತಡವಾದರೆ 100 ರೂಪಾಯಿ, ಎರಡು ಗಂಟೆ ಮೀರಿದರೆ 250. ಹತ್ತಿ ಹೋದವರಿಗೇ. ಶುರುವಾದ ಅದೇ ತಿಂಗಳು ಲಕ್ನೋ ರೈಲು ತಡವಾಗಿ ಒಂಬೈನೂರಕ್ಕೂ ಹೆಚ್ಚು ಜನಕ್ಕೆ ಕೊಡಬೇಕಾಗಿ ಬಂತು.

ಮೇಷ್ಟ್ರು: ಈಗ?

ಶಿಷ್ಯೆ: 2024ರ ಫೆಬ್ರವರಿಯಲ್ಲಿ ನಿಲ್ಲಿಸಿದರು. ಅದು ಹೊರಗೆ ಬಂದದ್ದೂ ಮಾಹಿತಿ ಹಕ್ಕಿನಲ್ಲಿ ಯಾರೋ ಅರ್ಜಿ ಹಾಕಿದ ಮೇಲೆ. ಅಷ್ಟು ವರ್ಷದಲ್ಲಿ ಕೊಟ್ಟಿದ್ದು ಒಟ್ಟು ಸುಮಾರು 26 ಲಕ್ಷ ರೂಪಾಯಿ.

ಮೇಷ್ಟ್ರು: ನಾಲ್ಕು ವರ್ಷ ದಾಟಿ ಎರಡು ರೈಲಿಗೆ 26 ಲಕ್ಷ! ನಡುವೆ ಕೊರೊನಾದಲ್ಲಿ ನಿಂತಿದ್ದೂ ಉಂಟು, ಒಪ್ಕೊಂಡೆ. ಆದರೂ ಅದೇನು ಮುಳುಗಿಸೋ ಮೊತ್ತ ಅಲ್ಲ. ಆ ಒಂದು ಯೋಜನೆಯಲ್ಲಿ, ತಡವಾದರೆ ನಾವು ಹೊಣೆ ಅಂತ ರೈಲಿನವರು ತಾವಾಗಿ ಒಪ್ಪಿಕೊಂಡಿದ್ದರು. ದುಡ್ಡಿಗಿಂತ ಅದು ದೊಡ್ಡದು. ಅದನ್ನ ಬೆಳೆಸೋದು ಬಿಟ್ಟು ಕಿತ್ತು ಹಾಕಿದ್ದು ತಪ್ಪು.

ಶಿಷ್ಯೆ: ದಿನಕ್ಕೆ ಎರಡು ಕೋಟಿಗೂ ಹೆಚ್ಚು ಜನ ಓಡಾಡ್ತಾರೆ ಸಾರ್. ಎಲ್ಲರಿಗೂ ಕೊಡೋಕೆ ಹೋದರೆ ಆಗುತ್ತಾ? ಮೈಸೂರಿಂದ ಚಾಮರಾಜನಗರಕ್ಕೆ ಬರೋ ಹಳಿಯನ್ನೇ ನೋಡಿ. ಒಂಟಿ ಹಳಿ. ಎದುರಿಂದ ಇನ್ನೊಂದು ರೈಲು ಬಂದರೆ ಕವಲಂದೆಯಲ್ಲೋ ನಂಜನಗೂಡಲ್ಲೋ ಕಾಯಲೇಬೇಕು. ಚಾಮರಾಜನಗರದಿಂದ ಮೈಸೂರಿಗೆ ಕೊಡೋ ಟಿಕೆಟ್ ದುಡ್ಡು ಎಷ್ಟು ಕಡಿಮೆ! ಅದರಲ್ಲಿ ಕಾಲು ಭಾಗ ವಾಪಸ್ ಕೊಡೋ ಖರ್ಚೇ ಅದಕ್ಕಿಂತ ಜಾಸ್ತಿ.

ಮೇಷ್ಟ್ರು: ಆ ಮಾತು ಒಪ್ತೀನಿ. ಪ್ಯಾಸೆಂಜರ್ ರೈಲಿಗೆ ಬೇಡ. ಯುರೋಪಿನವರಿಗೂ ನಾಲ್ಕು ಯೂರೋ ಒಳಗಿನ ಮೊತ್ತಕ್ಕೆ ಕೊಡಬೇಕಾಗಿಲ್ಲ ಅಂತ ಇಟ್ಟುಕೊಳ್ಳೋಕೆ ಅವಕಾಶ ಇದೆ. ಆದರೆ ಸೀಟು ಕಾದಿರಿಸಿದ ದೂರದ ರೈಲು ಬೇರೆ ಲೆಕ್ಕ. ಅಲ್ಲಿ ಪ್ರತಿಯೊಬ್ಬನ ಹೆಸರು, ಫೋನು, ದುಡ್ಡು ಕಟ್ಟಿದ ಖಾತೆ ಎಲ್ಲ ಅವರ ಕಂಪ್ಯೂಟರಲ್ಲೇ ಇದೆ. ರೈಲು ಎಷ್ಟು ಹೊತ್ತಿಗೆ ಎಲ್ಲಿ ಬಂತು ಅನ್ನೋದೂ ಇದೆ. ಯಾರೂ ಅರ್ಜಿ ಹಾಕದೆ ದುಡ್ಡು ತಾನಾಗಿ ಹೋಗುವಂತೆ ಮಾಡಬಹುದು. ವೇಟಿಂಗ್ ಲಿಸ್ಟಲ್ಲೇ ಉಳಿದ ಆನ್‌ಲೈನ್ ಟಿಕೆಟ್ಟಿಗೆ ಈಗ ಹಾಗೆ ಬರೋದಿಲ್ಲವಾ?

ಶಿಷ್ಯೆ: ಬರುತ್ತೆ, ಚಾರ್ಟ್ ಆದಮೇಲೆ ತಾನಾಗೇ ಬರುತ್ತೆ. ಈಗ ತಡವಾದಾಗ ಹತ್ತಿದವರಿಗೆ ಸಿಗೋದು ಅಂದ್ರೆ ಊಟ, ಅದೂ ರಾಜಧಾನಿ, ಶತಾಬ್ದಿ, ದುರಂತೋ ಅಂಥವಕ್ಕೆ, ಎರಡು ಗಂಟೆ ಮೀರಿದರೆ. ನಿಮ್ಮ ಎದುರು ಮನೆಯವರು ಹೋದ ರೈಲಿಗೆ ಅದೂ ಇಲ್ಲ.

ಮೇಷ್ಟ್ರು: ಒಂದು ರೈಲು ತಡವಾಗಿ ಇನ್ನೊಂದು ತಪ್ಪಿಹೋದರೆ? ನಮ್ಮ ಜನಕ್ಕೆ ಆಗೋದು ಅದೇ. ಇಲ್ಲಿಂದ ಎಲ್ಲಿಗೆ ಹೋಗಬೇಕಾದರೂ ಮೈಸೂರಲ್ಲೋ ಬೆಂಗಳೂರಲ್ಲೋ ಇಳಿದು ಹತ್ತಬೇಕು.

ಶಿಷ್ಯೆ: ಅದಕ್ಕೆ ಒಂದು ಒಳ್ಳೇ ನಿಯಮ 2019ರ ಏಪ್ರಿಲ್ 1ರಿಂದ ಇದೆ. ಎರಡು ಟಿಕೆಟ್ ಮಾಡಿಸುವಾಗ ಎರಡೂ ಪಿಎನ್‌ಆರ್ ಜೋಡಿಸಬಹುದು. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ, ಪ್ರಯಾಣ ಮಾಡದ ಭಾಗದ ದುಡ್ಡು ರದ್ದತಿ ಶುಲ್ಕ ಇಲ್ಲದೆ ವಾಪಸ್. ಎರಡರಲ್ಲೂ ಪ್ರಯಾಣಿಕರ ಹೆಸರು, ವಯಸ್ಸು ಒಂದೇ ಥರ ಇರಬೇಕು. ಆಧಾರ್‌ನಲ್ಲಿ ಒಂದು ಥರ, ಟಿಕೆಟ್ಟಲ್ಲಿ ಇನ್ನೊಂದು ಥರ ಹೆಸರು ಹೇಳೋರಿಗೆ ನಾನು ಅದಕ್ಕೇ ಬೈಯೋದು. ಮೊದಲ ರೈಲು ಬಂದ ಮೂರು ಗಂಟೆಯೊಳಗೆ ಕೇಳಬೇಕು. ಕಾದಿರಿಸದ ಟಿಕೆಟ್ಟಲ್ಲಿ ಚಾಮರಾಜನಗರದಿಂದ ಪ್ಯಾಸೆಂಜರ್ ಹತ್ತಿ ಹೋದೋನಿಗೆ ಪಿಎನ್‌ಆರೇ ಇರಲ್ಲ, ಜೋಡಿಸೋದು ಏನನ್ನ? ಬಸ್ಸಲ್ಲಿ ಹೋದೋನಿಗೂ ಅಷ್ಟೆ. ಅದಕ್ಕೇ ಮುಂದೆ ದೊಡ್ಡ ಪ್ರಯಾಣ ಇರೋರಿಗೆ ಮೊದಲ ತುಂಡಿಗೂ ಕಾದಿರಿಸಿದ ಟಿಕೆಟ್ ತಗೊಳ್ಳಿ ಅಂತ ಹೇಳ್ತೀನಿ, ಸ್ವಲ್ಪ ಹೆಚ್ಚಾದರೂ ಪರವಾಗಿಲ್ಲ.

ಮೇಷ್ಟ್ರು: ಸರಿ. ಹತ್ತಿ ಹೋದರು, ತಡವಾಯಿತು, ಅದರಿಂದ ನಿಜವಾದ ನಷ್ಟ ಆಯಿತು ಅಂತಿಟ್ಕೋ. ದಾರಿಯೇ ಇಲ್ಲವಾ?

ಶಿಷ್ಯೆ: ಒಂದಿದೆ. ಗ್ರಾಹಕರ ಆಯೋಗ. ಅದಕ್ಕೆ ಬಲ ಕೊಟ್ಟಿದ್ದು 2021ರ ಸೆಪ್ಟೆಂಬರಿನ ಸುಪ್ರೀಂ ಕೋರ್ಟ್ ತೀರ್ಪು. ಒಂದು ಕುಟುಂಬ 2016ರ ಜೂನಲ್ಲಿ ಅಜ್ಮೀರ್–ಜಮ್ಮು ಎಕ್ಸ್‌ಪ್ರೆಸ್ಸಲ್ಲಿ ಹೋಗಿತ್ತು. ಬೆಳಿಗ್ಗೆ ಎಂಟು ಚಿಲ್ಲರೆಗೆ ಜಮ್ಮು ತಲುಪಬೇಕಾದ್ದು ಸುಮಾರು ನಾಲ್ಕು ಗಂಟೆ ತಡ. ಮಧ್ಯಾಹ್ನದ ಶ್ರೀನಗರ ವಿಮಾನ ತಪ್ಪಿತು. ಟ್ಯಾಕ್ಸಿ ಮಾಡ್ಕೊಂಡು ಹೋದರು, ದಾಲ್ ಸರೋವರದಲ್ಲಿ ಕಾದಿರಿಸಿದ್ದ ದೋಣಿಮನೆ ದುಡ್ಡೂ ಹೋಯಿತು. ಅಲ್ವರ್ ಜಿಲ್ಲಾ ಗ್ರಾಹಕರ ವೇದಿಕೆ ಟ್ಯಾಕ್ಸಿಗೆ 15,000, ಕಾದಿರಿಸಿದ್ದಕ್ಕೆ 10,000, ಮನಸ್ಸಿಗಾದ ನೋವಿಗೆ 5,000, ಖರ್ಚಿಗೆ 5,000 ಕೊಡಿ ಅಂತು. ರೈಲ್ವೆಯವರು ಸುಪ್ರೀಂ ಕೋರ್ಟಿನವರೆಗೂ ಹೋದರು. ತಡವಾದರೆ ನಾವು ಹೊಣೆಯಲ್ಲ ಅಂತ ನಮ್ಮ ದರಪಟ್ಟಿಯ ನಿಯಮದಲ್ಲೇ ಇದೆ ಅನ್ನೋದು ಅವರ ವಾದ. ಕೋರ್ಟು ಒಪ್ಪಲಿಲ್ಲ. ತಡ ಯಾಕಾಯಿತು, ಅದು ನಮ್ಮ ಕೈ ಮೀರಿದ್ದು ಅಂತ ರೈಲ್ವೆ ತೋರಿಸಿಕೊಡಬೇಕು, ತೋರಿಸದಿದ್ದರೆ ಪರಿಹಾರ ಕೊಡಲೇಬೇಕು ಅಂತ ಹೇಳಿತು.

ಮೇಷ್ಟ್ರು: ಅದೇ ನೋಡು ನ್ಯಾಯ. ಕಾರಣ ಹೇಳಬೇಕಾದವರು ಅವರು, ನಾವಲ್ಲ. ಆದರೆ ದೆಹಲಿಗೆ ಓಡಾಡೋಕೆ ನಮ್ಮವರಿಗೆ ಆಗುತ್ತಾ?

ಶಿಷ್ಯೆ: ದೆಹಲಿ ಬೇಡ ಸಾರ್. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ದೂರು ಕೊಡೋನು ವಾಸ ಇರೋ ಜಿಲ್ಲೆಯಲ್ಲೇ ಕೊಡಬಹುದು. ನಮಗೆ ಚಾಮರಾಜನಗರದ ಜಿಲ್ಲಾ ಆಯೋಗ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ಇ-ಜಾಗೃತಿ ಅನ್ನೋ ಜಾಲತಾಣದಲ್ಲಿ ಇಲ್ಲಿಂದಲೇ ಹಾಕಬಹುದು. ಹಾಕೋ ಮೊದಲು ಕೇಳಿ ತಿಳ್ಕೊಳ್ಳೋಕೆ 1915 ಅಂತ ಗ್ರಾಹಕ ಸಹಾಯವಾಣಿ ಇದೆ. ಬೇಕಾಗಿರೋದು ದಾಖಲೆ: ಟಿಕೆಟ್ಟು, ರೈಲು ಎಷ್ಟು ತಡ ಅಂತ ತೋರಿಸಿದ ಫೋನಿನ ಚಿತ್ರ, ಅದರಿಂದ ಆದ ಖರ್ಚಿನ ಬಿಲ್ಲು, ಮತ್ತೆ ರೈಲ್ವೆಯ 139 ಸಹಾಯವಾಣಿಗೋ ರೈಲ್‌ಮದದ್ ತಾಣಕ್ಕೋ ಆವತ್ತೇ ಕೊಟ್ಟ ದೂರಿನ ಸಂಖ್ಯೆ. ಜನ ಬಿಲ್ಲನ್ನ ಬಿಸಾಕಿ ಬರ್ತಾರೆ, ಅಲ್ಲೇ ಕೇಸು ಸೋತುಹೋಗುತ್ತೆ.

ಮೇಷ್ಟ್ರು: ಎದುರು ಮನೆಯವರಿಗೆ ಇದು ಹೊಂದುತ್ತಾ?

ಶಿಷ್ಯೆ: ಕಾಶಿಯಲ್ಲಿ ಏನಾದ್ರೂ ಕಳ್ಕೊಂಡರಾ? ರೂಮಿನ ದುಡ್ಡು, ಮುಂದಿನ ಟಿಕೆಟ್ಟು?

ಮೇಷ್ಟ್ರು: ಇಲ್ಲ. ತಡವಾಗಿ ಸೇರಿದರು ಅಷ್ಟೇ. ಮುದುಕರಿಗೆ ಸುಸ್ತಾಯಿತು.

ಶಿಷ್ಯೆ: ಹಾಗಾದ್ರೆ ಬೇಡ ಸಾರ್. ಸುಸ್ತಿಗೆ ಬಿಲ್ಲಿಲ್ಲ. ಸುಮ್ಮನೆ ಆಸೆ ಹುಟ್ಟಿಸಬಾರದು.

ಮೇಷ್ಟ್ರು: ಸರಿಯಾಗಿ ಹೇಳಿದೆ. ಆದರೆ ಆ ಸುಸ್ತಿಗೂ ಒಂದು ಬೆಲೆ ಇದೆ ಅಂತ ನಿಯಮ ಒಪ್ಪಬೇಕು. ನಮ್ಮ ಸಂಸದರಿಗೆ ಒಂದು ಪತ್ರ ಬರೀತೀನಿ. ಕೇಳೋದು ನಾಲ್ಕೇ. ದೂರದ ಕಾದಿರಿಸಿದ ರೈಲು ಇಷ್ಟು ಗಂಟೆ ತಡವಾಗಿ ಊರು ಸೇರಿದರೆ, ಹತ್ತಿ ಹೋದವರಿಗೂ ದರದ ಒಂದು ಪಾಲು, ಅರ್ಜಿ ಇಲ್ಲದೆ, ಕಟ್ಟಿದ ಖಾತೆಗೇ. ಟಿಡಿಆರ್ ಹಾಕೋಕೆ ರೈಲು ಹೊರಟ ಮೇಲೂ ಒಂದು ದಿನದ ಅವಕಾಶ. ಹತ್ತಿದರೋ ಇಲ್ಲವೋ ಅಂತ ಟಿಟಿಇ ಕೈಯಲ್ಲಿರೋ ಯಂತ್ರ ಹೇಗೂ ಹೇಳುತ್ತೆ. ಏಜೆಂಟರ ಟಿಕೆಟ್ಟಿನ ದುಡ್ಡು ನೇರ ಪ್ರಯಾಣಿಕನಿಗೆ. ಮುಂದೆ ಯಾರಾದರೂ ವೋಚರ್ ಯೋಜನೆ ತಂದರೂ, ಬೇಡ ಅಂದವನಿಗೆ ಹಣ ಅಂತ ಮೊದಲ ಸಾಲಲ್ಲೇ ಬರೆದಿರಬೇಕು.

ಶಿಷ್ಯೆ: ಬರೀರಿ, ನಾನು ಟೈಪ್ ಮಾಡಿಕೊಡ್ತೀನಿ. ಊರವರ ಸಹಿನೂ ಹಾಕಿಸೋಣ.

ಮೇಷ್ಟ್ರು: ಪತ್ರಕ್ಕೆ ಉತ್ತರ ಬರೋವರೆಗೆ ಜನಕ್ಕೆ ಇರೋದನ್ನಾದರೂ ಹೇಳಬೇಕಲ್ಲ. ನಿನ್ನ ಅಂಗಡಿ ಬಾಗಿಲಿಗೆ ದೊಡ್ಡಕ್ಷರದಲ್ಲಿ ಬರೆದು ಅಂಟಿಸು. ಏನು ಬರೀತೀಯ?

ಶಿಷ್ಯೆ: ಟಿಕೆಟ್ ಮೇಲೆ ನಿಮ್ಮದೇ ಮೊಬೈಲ್ ನಂಬರ್ ಹಾಕಿಸಿ. ಎರಡು ರೈಲು ಇದ್ದರೆ ಎರಡನ್ನೂ ಜೋಡಿಸೋಕೆ ಹೇಳಿ. ದಾರಿಯ ಬಿಲ್ಲುಗಳನ್ನ ಊರಿಗೆ ಬರೋವರೆಗೆ ಇಟ್ಟುಕೊಳ್ಳಿ. ರೈಲು ಮೂರು ಗಂಟೆ ಮೀರಿ ತಡ ಅಂತ ಕಂಡರೆ, ರಾತ್ರಿ ಎಷ್ಟು ಹೊತ್ತೇ ಆಗಿರಲಿ, ಅದು ಹೊರಡೋ ಮೊದಲು ನನಗೆ ಫೋನ್ ಮಾಡಿ. ಹತ್ತಬೇಕೋ ಬಿಡಬೇಕೋ ಅನ್ನೋದನ್ನ ಆಮೇಲೆ ತೀರ್ಮಾನ ಮಾಡಿ.